ಫೈಟಿಂಗ್ ಗೇಮ್ ಗೆಲ್ಲಲು ಬೇಕಿರುವುದು ಬೆರಳಿನ ವೇಗವೇ?

"ಅವನ ಬೆರಳು ಹುಟ್ಟಿನಿಂದಲೇ ಫಾಸ್ಟು, ನಮಗದು ಬರಲ್ಲ." "ಇಪ್ಪತ್ತೈದು ದಾಟಿದ ಮೇಲೆ ಇಂಥ ಗೇಮ್ ಆಡೋದು ವೇಸ್ಟು." "ಈ ಕಂಟ್ರೋಲರ್ ತಗೊಂಡ್ರೆ ಒಂದೇ ವಾರದಲ್ಲಿ ಪ್ರೊ ಆಗ್ತೀಯ."

ಸ್ಟ್ರೀಟ್ ಫೈಟರ್, ಟೆಕ್ಕನ್, ಮಾರ್ಟಲ್ ಕಾಂಬ್ಯಾಟ್ ಥರದ ಗೇಮ್ ಆಡುವವರ ನಡುವೆ ಇಂಥ ಮಾತುಗಳು ಸದಾ ಓಡಾಡುತ್ತವೆ. ಇವನ್ನು ನಂಬಿ ಕೆಲವರು ನಾಲ್ಕು ದಿನ ಸೋತು ಆಟ ಬಿಡುತ್ತಾರೆ. ಇನ್ನು ಕೆಲವರು ಮನೆಯವರ ಹತ್ತಿರ ಹಠ ಮಾಡಿ ದುಬಾರಿ ವಸ್ತು ಕೊಳ್ಳುತ್ತಾರೆ, ರಾತ್ರಿಯಿಡೀ ಆಡಿ ನಿದ್ದೆ ಕೆಡಿಸಿಕೊಳ್ಳುತ್ತಾರೆ. ಈ ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ನಿಜಕ್ಕೂ ಆಟ ಸುಧಾರಿಸಲು ಏನು ಮಾಡಬೇಕು? ನೋಡೋಣ ಬನ್ನಿ.

ಚುಟುಕಾಗಿ ಹೇಳುವುದಾದರೆ

ಈ ಆಟದಲ್ಲಿ ವೇಗಕ್ಕೆ ಬೆಲೆ ಇದೆ, ಆದರೆ ನಾವು ಅಂದುಕೊಂಡಷ್ಟಿಲ್ಲ. ಗೆಲ್ಲುವವರು ಎದುರಾಳಿ ಮುಂದೆ ಏನು ಮಾಡುತ್ತಾನೆಂದು ಮೊದಲೇ ಅಂದಾಜು ಮಾಡುತ್ತಾರೆ. ಆ ಅಂದಾಜನ್ನು ಯಾರು ಬೇಕಾದರೂ ಕಲಿಯಬಹುದು. ಆದರೆ ಸುಮ್ಮನೆ ಪಂದ್ಯದ ಮೇಲೆ ಪಂದ್ಯ ಆಡುತ್ತಾ ಹೋದರೆ ಅದು ಬರುವುದಿಲ್ಲ.

ಮಾತು 1: "ನೋಡಿದ ತಕ್ಷಣ ತಡೆಯೋ ವೇಗ ಇರಬೇಕು"

ಇದನ್ನು ಲೆಕ್ಕ ಹಾಕಿಯೇ ನೋಡೋಣ. ಹೆಚ್ಚಿನ ಫೈಟಿಂಗ್ ಗೇಮ್‌ಗಳು ಒಂದು ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸುತ್ತವೆ. ಒಂದೊಂದು ಚಿತ್ರವನ್ನೂ 'ಫ್ರೇಮ್' ಎನ್ನುತ್ತಾರೆ. ಒಂದು ಫ್ರೇಮ್ ಅಂದರೆ ಸುಮಾರು 17 ಮಿಲಿಸೆಕೆಂಡ್.

ಪರದೆಯ ಮೇಲೆ ಏನೋ ಮಿಂಚಿದ ತಕ್ಷಣ ಬಟನ್ ಒತ್ತಿ ಎಂದರೆ, ಆರೋಗ್ಯವಂತ ಯುವಕರಿಗೂ ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕು. ಅಂದರೆ 12ರಿಂದ 15 ಫ್ರೇಮ್. ಆದರೆ ಸ್ಟ್ರೀಟ್ ಫೈಟರ್ 6ರಲ್ಲಿ ರ್‍ಯೂ ಎಂಬ ಪಾತ್ರದ ಹಗುರ ಗುದ್ದು 4 ಫ್ರೇಮ್‌ನಲ್ಲೇ ತಾಗುತ್ತದೆ. ಟೆಕ್ಕನ್‌ನ ಸಾಮಾನ್ಯ ಗುದ್ದಿಗೆ 10 ಫ್ರೇಮ್ ಸಾಕು. ಇವನ್ನು ಕಣ್ಣಿಂದ ನೋಡಿ ತಡೆಯುವ ಮನುಷ್ಯ ಭೂಮಿಯ ಮೇಲೇ ಇಲ್ಲ. ಚಾಂಪಿಯನ್‌ಗೂ ಆಗದು, ನಮಗೂ ಆಗದು.

ಇದರ ಮೇಲೆ ಇನ್ನೊಂದು ತೊಡಕಿದೆ. ಬರಬಹುದಾದ ಸಾಧ್ಯತೆಗಳು ಹೆಚ್ಚಾದಷ್ಟೂ ಮೆದುಳು ತೀರ್ಮಾನಕ್ಕೆ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಮನೋವಿಜ್ಞಾನದಲ್ಲಿ ಇದನ್ನು 'ಹಿಕ್ ನಿಯಮ' ಎನ್ನುತ್ತಾರೆ. ವಿಲಿಯಂ ಹಿಕ್ 1952ರಲ್ಲಿ ಇದನ್ನು ವಿವರಿಸಿದ್ದರು. ಎದುರಾಳಿ ಗುದ್ದಬಹುದು, ಕಾಲಿಗೆ ಒದೆಯಬಹುದು, ಹಾರಬಹುದು, ಹಿಡಿದು ಎಸೆಯಬಹುದು ಎಂದು ಎಲ್ಲಕ್ಕೂ ಒಟ್ಟಿಗೆ ಕಾಯುತ್ತಾ ಕುಳಿತರೆ ಯಾವುದಕ್ಕೂ ಸಮಯ ಸಿಗುವುದಿಲ್ಲ.

ಹಾಗಾದರೆ ಪಳಗಿದವರು ತಡೆಯುವುದು ಹೇಗೆ? ಕ್ರಿಕೆಟ್ ಬ್ಯಾಟರ್ ಮಾಡುವುದನ್ನೇ ಇವರೂ ಮಾಡುತ್ತಾರೆ. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬ್ಯಾಟ್ ತಲುಪಲು ಸುಮಾರು ಅರ್ಧ ಸೆಕೆಂಡ್ ಸಾಕು. ಬ್ಯಾಟರ್ ಚೆಂಡು ಬಂದ ಮೇಲೆ ಯೋಚಿಸುವುದಿಲ್ಲ. ಬೌಲರ್‌ನ ಓಟ, ಮಣಿಕಟ್ಟು, ಹಿಂದಿನ ಎಸೆತಗಳನ್ನು ನೋಡಿ ಮೊದಲೇ ಅರ್ಧ ತೀರ್ಮಾನ ಮಾಡಿರುತ್ತಾನೆ. ಕಬಡ್ಡಿಯಲ್ಲಿ ರೈಡರ್‌ನ ಭುಜ ನೋಡಿಯೇ ಕಾಲು ಎತ್ತ ಬರುತ್ತದೆಂದು ಡಿಫೆಂಡರ್‌ಗೆ ಗೊತ್ತಾಗುವುದೂ ಹೀಗೆಯೇ.

ಇದಕ್ಕೆ ಎಲ್ಲರೂ ಹೇಳುವ ಉದಾಹರಣೆ 2004ರ ಇವೊ ಟೂರ್ನಿಯದು. ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್ ಆಟದಲ್ಲಿ ಜಪಾನಿನ ಡೈಗೊ ಉಮೆಹಾರ ಅವರ ಪಾತ್ರಕ್ಕೆ ಜೀವ ಬಹುತೇಕ ಮುಗಿದಿತ್ತು. ಸುಮ್ಮನೆ ತಡೆದರೂ ಆಗುವ ಚೂರು ಪೆಟ್ಟಿಗೇ ಸೋಲು ಖಚಿತ. ಅಮೆರಿಕದ ಜಸ್ಟಿನ್ ವಾಂಗ್ 15 ಹೊಡೆತಗಳ ಸೂಪರ್ ದಾಳಿ ಮಾಡಿದರು. ಉಮೆಹಾರ ಒಂದೊಂದು ಹೊಡೆತಕ್ಕೂ ಸರಿಯಾದ ಕ್ಷಣದಲ್ಲಿ ಮುಂದಕ್ಕೆ ಒತ್ತಿ, ಹದಿನೈದನ್ನೂ ಪೆಟ್ಟಿಲ್ಲದೆ ತಪ್ಪಿಸಿ ತಿರುಗಿ ಹೊಡೆದು ಗೆದ್ದರು. ಆ ವಿಡಿಯೋ ಇಂದಿಗೂ 'ಮಿಂಚಿನ ವೇಗ' ಎಂಬ ಹೆಸರಲ್ಲಿ ಹರಿದಾಡುತ್ತದೆ. ಆದರೆ ಮೊದಲ ಹೊಡೆತವನ್ನು ಕಂಡ ಮೇಲೆ ತಪ್ಪಿಸಲು ಸಮಯವೇ ಇರಲಿಲ್ಲ. ಎದುರಾಳಿ ಈಗ ಅದನ್ನೇ ಬಿಡುತ್ತಾನೆ ಎಂಬ ಅಂದಾಜು ಬೇಕಿತ್ತು. ಉಳಿದ ಹೊಡೆತಗಳ ತಾಳ ಕೈಗೆ ಬಾಯಿಪಾಠ ಆಗಿರಬೇಕಿತ್ತು. ಫಾರ್ವರ್ಡ್‌ಗಳಲ್ಲಿ ಹೇಳದ ಇನ್ನೊಂದು ಸಂಗತಿ: ಅಂದಿನ ಫೈನಲ್‌ನಲ್ಲಿ ಉಮೆಹಾರ ಸೋತರು.

ಮಾತು 2: "ವಯಸ್ಸಾದ ಮೇಲೆ ಆಗಲ್ಲ"

ಇದರಲ್ಲಿ ಸ್ವಲ್ಪ ನಿಜವಿದೆ. ಸ್ಟಾರ್‌ಕ್ರಾಫ್ಟ್ 2 ಎಂಬ ತಂತ್ರಗಾರಿಕೆಯ ಗೇಮ್ ಆಡುವ 3,305 ಮಂದಿಯ ಮೇಲೆ ಕೆನಡಾದ ಸಂಶೋಧಕರು ನಡೆಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಪ್ರತಿಕ್ರಿಯೆಯ ವೇಗ 24ರ ಸುಮಾರಿಗೇ ನಿಧಾನವಾಗಿ ಇಳಿಯಲು ಶುರುವಾಗುತ್ತದೆ ಎಂದು ಅದರಲ್ಲಿ ಕಂಡುಬಂತು. ಆದರೆ ದೊಡ್ಡ ವಯಸ್ಸಿನವರು ಆಟವನ್ನು ಸರಳ ಮಾಡಿಕೊಂಡು ಆ ಕೊರತೆ ತುಂಬಿಕೊಳ್ಳುತ್ತಾರೆ ಎಂಬುದೂ ಅದೇ ಅಧ್ಯಯನದಲ್ಲಿದೆ.

2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5 ಪದಕದ ಆಟವಾಗಿತ್ತು. ಭಾರತದಿಂದಲೂ ಇಬ್ಬರು ಆಡಿದ್ದರು. ಚಿನ್ನ ಗೆದ್ದವರು ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ. ಆಗ ಅವರ ವಯಸ್ಸು 44! ಬರೀ ಬೆರಳಿನ ವೇಗದ ಆಟವಾಗಿದ್ದರೆ ಇದು ಸಾಧ್ಯವಿತ್ತೇ?

ಮಾತು 3: "ದುಬಾರಿ ಕಂಟ್ರೋಲರ್ ಇಲ್ಲದೆ ಗೆಲ್ಲೋಕಾಗಲ್ಲ"

ಅಮೆರಿಕದ ಮೈಕ್ ಬೇಗಮ್ ಅವರಿಗೆ ಹುಟ್ಟಿನಿಂದಲೇ ಕೈಕಾಲಿನ ಕೀಲುಗಳು ಬಿಗಿದುಕೊಂಡಿರುವ ಕಾಯಿಲೆ ಇತ್ತು. ಬ್ರಾಲಿಲೆಗ್ಸ್ ಎಂಬ ಹೆಸರಲ್ಲಿ ಆಡುತ್ತಿದ್ದ ಅವರು ಗೇಮ್‌ಪ್ಯಾಡನ್ನು ಬಾಯಿಯಿಂದ ಒತ್ತುತ್ತಿದ್ದರು. ಆದರೂ ಚುನ್-ಲೀ ಪಾತ್ರ ಆಡುವುದರಲ್ಲಿ ಅವರಿಗೆ ದೊಡ್ಡ ಹೆಸರಿತ್ತು. ದೊಡ್ಡ ಟೂರ್ನಿಗಳಲ್ಲೂ ಆಡಿದರು. ನೆದರ್ಲೆಂಡ್ಸ್‌ನ ಸ್ವೆನ್ ಎಂಬ ಆಟಗಾರರಿಗೆ ಕಣ್ಣು ಕಾಣುವುದಿಲ್ಲ. ಅವರು ಬರೀ ಶಬ್ದ ಕೇಳಿಯೇ ಸ್ಟ್ರೀಟ್ ಫೈಟರ್ ಆಡುತ್ತಾರೆ.

ಆರ್ಕೇಡ್ ಸ್ಟಿಕ್ ಆಗಲಿ, ಸಾಮಾನ್ಯ ಗೇಮ್‌ಪ್ಯಾಡ್ ಆಗಲಿ, ನಿಮ್ಮ ಕೈಗೆ ಒಗ್ಗಿದ್ದನ್ನು ಇಟ್ಟುಕೊಳ್ಳಿ. ಪದೇ ಪದೇ ಬದಲಿಸಬೇಡಿ, ಅಷ್ಟೇ. ಹಣ ಖರ್ಚು ಮಾಡಲೇಬೇಕೆಂದರೆ ಮೊದಲು ಇಂಟರ್ನೆಟ್ ಕಡೆ ನೋಡಿ. ವೈಫೈ ಅಥವಾ ಹಾಟ್‌ಸ್ಪಾಟ್‌ಗಿಂತ ರೂಟರ್‌ನಿಂದ ನೇರ ಕೇಬಲ್ ಹಾಕಿದರೆ ಆಟ ತಡವರಿಸುವುದು ಎಷ್ಟೋ ಕಡಿಮೆಯಾಗುತ್ತದೆ.

ಮಾತು 4: "ಹತ್ತು ಸಾವಿರ ಗಂಟೆ ಆಡಿದರೆ ಸಾಕು"

ಈ ಲೆಕ್ಕ ಜನಪ್ರಿಯವಾದದ್ದು ಮಾಲ್ಕಮ್ ಗ್ಲಾಡ್‌ವೆಲ್ ಅವರ 2008ರ ಪುಸ್ತಕದಿಂದ. ಅದರ ಹಿಂದಿದ್ದದ್ದು ಆ್ಯಂಡರ್ಸ್ ಎರಿಕ್‌ಸನ್ ಮತ್ತು ಜೊತೆಗಾರರು ಪಿಟೀಲು ಕಲಿಯುವವರ ಮೇಲೆ ಮಾಡಿ, 1993ರಲ್ಲಿ ಪ್ರಕಟಿಸಿದ ಅಧ್ಯಯನ. ಎರಿಕ್‌ಸನ್ ಒತ್ತಿ ಹೇಳಿದ್ದು ಗಂಟೆಗಳ ಲೆಕ್ಕವನ್ನಲ್ಲ, ಅಭ್ಯಾಸದ ರೀತಿಯನ್ನು. ತನಗೆ ಬಾರದ ಒಂದೊಂದು ಭಾಗವನ್ನು ಆರಿಸಿ, ತಪ್ಪು ಎಲ್ಲಾಯಿತೆಂದು ತಕ್ಷಣ ತಿಳಿದು, ತಿದ್ದಿಕೊಳ್ಳುವ ಅಭ್ಯಾಸ ಅದು. ಗರಡಿ ಮನೆಯಲ್ಲಿ ದಿನವೂ ಬರೀ ಕುಸ್ತಿಗೆ ಬಿಡುವುದಿಲ್ಲವಲ್ಲ? ಒಂದೊಂದೇ ಪಟ್ಟನ್ನು ಬೇರೆಯಾಗಿ ಹೇಳಿಕೊಟ್ಟು ತಿದ್ದುತ್ತಾರೆ. ಇದೂ ಹಾಗೆಯೇ.

ಹಾಗಾದರೆ ಏನು ಮಾಡಬೇಕು?

1. ಒಂದೇ ಪಾತ್ರ ಹಿಡಿಯಿರಿ. ವಾರಕ್ಕೊಂದು ಪಾತ್ರ ಬದಲಿಸಿದರೆ ಪ್ರತಿ ಸಲ ಮೊದಲಿನಿಂದ ಶುರು. ಕನಿಷ್ಠ ಎರಡು ಮೂರು ತಿಂಗಳು ಒಬ್ಬರನ್ನೇ ಆಡಿ. ಕೈ ತಾನಾಗಿ ಓಡತೊಡಗಿದ ಮೇಲೆ ನಿಮ್ಮ ಗಮನ ಎದುರಾಳಿಯ ಕಡೆ ಹೋಗಲು ಬಿಡುವಾಗುತ್ತದೆ.

2. ಆಟದ ಮೂಲ ಸೂತ್ರ ತಿಳಿಯಿರಿ. ಇದು ಕಲ್ಲು-ಕಾಗದ-ಕತ್ತರಿ ಇದ್ದ ಹಾಗೆ. ತಡೆದರೆ ಹೊಡೆತ ಸೋಲುತ್ತದೆ. ತಡೆದು ಕುಳಿತವನನ್ನು ಹಿಡಿದು ಎಸೆಯಬಹುದು. ಹಿಡಿಯಲು ಬಂದವನಿಗೆ ಮೊದಲೇ ಹೊಡೆಯಬಹುದು. ಎಲ್ಲ ಬಟನ್ ಒಟ್ಟಿಗೆ ಕುಟ್ಟುವವರು ಕಲ್ಲನ್ನೇ ತೋರಿಸುತ್ತಿರುತ್ತಾರೆ. ಹೊಸಬರ ಮುಂದೆ ಅದು ನಡೆಯುತ್ತದೆ. ತಾಳ್ಮೆಯಿಂದ ತಡೆಯುವವನು ಸಿಕ್ಕ ದಿನ ನಿಲ್ಲುತ್ತದೆ.

3. 'ಈಗ ಸರದಿ ಯಾರದು' ಎಂದು ಕೇಳಿಕೊಳ್ಳಿ. ಹೊಡೆತ ಬಿಟ್ಟ ಪಾತ್ರ ತಕ್ಷಣ ಸುಧಾರಿಸಿಕೊಳ್ಳುವುದಿಲ್ಲ. ಕೆಲವು ಫ್ರೇಮ್ ಹಾಗೆಯೇ ಸಿಕ್ಕಿಬಿದ್ದಿರುತ್ತದೆ. ರ್‍ಯೂ ಮೇಲಕ್ಕೆ ಹಾರಿ ಗುದ್ದುವ ಶೋರ್ಯುಕೆನ್ ಗುರಿ ತಪ್ಪಿದರೆ ಇಳಿಯುವವರೆಗೂ ಅವನಿಗೆ ರಕ್ಷಣೆ ಇಲ್ಲ. ಎದುರಾಳಿಯ ಯಾವ ದೊಡ್ಡ ಹೊಡೆತ ತಡೆದ ಮೇಲೆ ಖಚಿತವಾಗಿ ತಿರುಗಿ ಹೊಡೆಯಬಹುದು ಎಂದು ಮೂರು ನಾಲ್ಕು ಗೊತ್ತುಮಾಡಿಕೊಂಡರೂ ಆಟ ಬದಲಾಗುತ್ತದೆ. ಸ್ಟ್ರೀಟ್ ಫೈಟರ್ 6ರ ತರಬೇತಿ ವಿಭಾಗದಲ್ಲಿ ಈ ಫ್ರೇಮ್ ಲೆಕ್ಕವನ್ನು ಪರದೆಯ ಮೇಲೇ ನೋಡಬಹುದು.

4. ಚಿಕ್ಕ ಕಾಂಬೊ ಕಲಿಯಿರಿ, ಎರಡೂ ಕಡೆಯಿಂದ. ಹತ್ತರಲ್ಲಿ ಎರಡು ಸಲ ಬರುವ ಉದ್ದನೆಯ ಕಾಂಬೊಗಿಂತ ಹತ್ತಕ್ಕೆ ಒಂಬತ್ತು ಸಲ ಬರುವ ಮೂರು ಹೊಡೆತ ಮೇಲು. ಎಡಬದಿಯಲ್ಲಿ ನಿಂತು ಕಲಿತದ್ದು ಬಲಬದಿಗೆ ಬಂದಾಗ ಕೈಕೊಡುತ್ತದೆ. ಆದ್ದರಿಂದ ಎರಡೂ ಬದಿ ಅಭ್ಯಾಸ ಮಾಡಿ.

5. ಬೆರೆಸಿ ಅಭ್ಯಾಸ ಮಾಡಿ. ಒಂದನ್ನೇ ನೂರು ಸಲ ಮಾಡಿದರೆ ಆ ಹೊತ್ತಿಗೆ ಚೆನ್ನಾಗಿ ಬಂದಂತೆ ಕಾಣುತ್ತದೆ. ಆದರೆ ಕೈ ಚಲನೆ ಕಲಿಯುವವರ ಮೇಲೆ ಶೇ ಮತ್ತು ಮಾರ್ಗನ್ 1979ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೇರೆ ಬೇರೆ ಚಲನೆಗಳನ್ನು ಬೆರೆಸಿ ಕಲಿತವರಿಗೇ ಮುಂದೆ ಹೆಚ್ಚು ನೆನಪುಳಿಯಿತು. ಆಗ ಅಭ್ಯಾಸದ ಹೊತ್ತಿನಲ್ಲಿ ಅವರು ಹಿಂದೆ ಬಿದ್ದಂತೆ ಕಂಡಿದ್ದರು! ತರಬೇತಿ ಗೊಂಬೆಗೆ ಎರಡು ಮೂರು ಬಗೆಯ ದಾಳಿ ರೆಕಾರ್ಡ್ ಮಾಡಿ, ಯಾವುದು ಬರುತ್ತದೆಂದು ಗೊತ್ತಾಗದಂತೆ ಬಿಡಿ. ಪಂದ್ಯದಲ್ಲಿ ನಡೆಯುವುದೂ ಅದೇ ತಾನೇ?

6. ಸೋತ ಪಂದ್ಯವನ್ನೇ ನೋಡಿ. ಮೂರು ಪಂದ್ಯ ಆಡಿದರೆ ಒಂದರ ರೀಪ್ಲೇ ನೋಡಿ. 'ಯಾವ ಒಂದೇ ಹೊಡೆತಕ್ಕೆ ಪದೇ ಪದೇ ಬಿದ್ದೆ?' ಎಂಬ ಒಂದೇ ಪ್ರಶ್ನೆ ಸಾಕು. ಉತ್ತರ ಬರೆದುಕೊಂಡು ಮಾರನೇ ದಿನ ಅದನ್ನಷ್ಟೇ ಅಭ್ಯಾಸ ಮಾಡಿ. ಟೆಕ್ಕನ್ 8ರಲ್ಲಿ ರೀಪ್ಲೇಯನ್ನು ನಡುವೆ ನಿಲ್ಲಿಸಿ, ಅಲ್ಲಿಂದಲೇ ನೀವು ಆಡಿ ನೋಡುವ ಅನುಕೂಲವೂ ಇದೆ.

7. ನಿಮಗಿಂತ ಚೆನ್ನಾಗಿ ಆಡುವವರ ಜೊತೆ ಕುಳಿತುಕೊಳ್ಳಿ. 2019ರಲ್ಲಿ ಲಾಹೋರಿನ ಅರ್ಸಲಾನ್ ಆ್ಯಶ್ ಜಪಾನ್ ಮತ್ತು ಅಮೆರಿಕದ ಎರಡೂ ಇವೊ ಟೂರ್ನಿಗಳಲ್ಲಿ ಟೆಕ್ಕನ್ 7 ಗೆದ್ದರು. ಅಲ್ಲಿಯವರೆಗೆ ಪಾಕಿಸ್ತಾನದ ಆಟಗಾರರ ಹೆಸರು ಹೊರಗೆ ಅಷ್ಟಾಗಿ ಕೇಳಿರಲಿಲ್ಲ. ತಮ್ಮೂರಿನಲ್ಲಿ ಇನ್ನೂ ಬಲವಾದ ಆಟಗಾರರಿದ್ದಾರೆ ಎಂದು ಅವರು ಹೇಳಿದಾಗ, ಕೊರಿಯಾದ ಹೆಸರಾಂತ ಆಟಗಾರ 'ನೀ' ಸ್ವತಃ ಪಾಕಿಸ್ತಾನಕ್ಕೆ ಹೋಗಿ ಆಡಿದರು, ಸೋತು ಕಲಿತರು. ಎದುರೆದುರು ಕುಳಿತು ಆಡುವ, 'ಇಲ್ಲಿ ತಪ್ಪಿದೆ ನೋಡು' ಎಂದು ಹೇಳುವ ನಾಲ್ಕು ಜನ ಸಿಕ್ಕರೆ ಅದೇ ದೊಡ್ಡ ಶಾಲೆ.

ದಿನಕ್ಕೆ ಎಷ್ಟು ಹೊತ್ತು?

ಓದು, ಕೆಲಸ ಇರುವವರಿಗೆ ನಾವು ಹೇಳುವುದು ಒಂದು ಗಂಟೆ. 15 ನಿಮಿಷ ತರಬೇತಿ, 35 ನಿಮಿಷ ಪಂದ್ಯ, 10 ನಿಮಿಷ ರೀಪ್ಲೇ. ಭಾನುವಾರ ಒಟ್ಟಿಗೆ ಏಳು ಗಂಟೆ ಆಡುವುದಕ್ಕಿಂತ ದಿನಕ್ಕೊಂದು ಗಂಟೆ ಆಡುವುದು ಮೇಲು. ಹಂಚಿ ಕಲಿತದ್ದು ಹೆಚ್ಚು ದಿನ ಉಳಿಯುತ್ತದೆ ಎಂಬುದು ಕಲಿಕೆಯ ಬಗ್ಗೆ ವಿಜ್ಞಾನಕ್ಕೆ ಗೊತ್ತಿರುವ ಹಳೆಯ, ಗಟ್ಟಿಯಾದ ಸಂಗತಿಗಳಲ್ಲೊಂದು.

ಸತತ ಮೂರು ಪಂದ್ಯ ಸೋತು ಸಿಟ್ಟು ಬಂದರೆ ಎದ್ದು ನೀರು ಕುಡಿದು ಬನ್ನಿ. ಸಿಟ್ಟಿನಲ್ಲಿ ಆಡುವವರು ಮಾಡಿದ ತಪ್ಪನ್ನೇ ಮತ್ತೆ ಮಾಡುತ್ತಾರೆ, ಎದುರಾಳಿಗೆ ಬೇಕಿರುವುದೂ ಅದೇ. ನಿದ್ದೆ ಬಿಟ್ಟು ಆಡುವುದು ದೊಡ್ಡ ನಷ್ಟ. ಕೈ ಕಲಿತದ್ದು ಗಟ್ಟಿಯಾಗುವುದರಲ್ಲಿ ನಿದ್ದೆಯ ಪಾತ್ರವಿದೆ, ನಿದ್ದೆಗೆಟ್ಟರೆ ಪ್ರತಿಕ್ರಿಯೆಯೂ ನಿಧಾನ. ಎನರ್ಜಿ ಡ್ರಿಂಕ್ ಕುಡಿದು ಅದನ್ನು ಸರಿಮಾಡಲಾಗದು. ಪ್ರತಿ 20 ನಿಮಿಷಕ್ಕೆ 20 ಸೆಕೆಂಡ್ ದೂರದ ವಸ್ತು ನೋಡಿ ಕಣ್ಣಿಗೆ ವಿರಾಮ ಕೊಡಿ. ಮಣಿಕಟ್ಟಿನಲ್ಲಿ ನೋವು, ಬೆರಳಲ್ಲಿ ಜೋಮು ಬಂದು ಹೋಗದೇ ಇದ್ದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಮನೆಯವರಿಗೆ ಎರಡು ಮಾತು

ಮಗ ಅಥವಾ ಮಗಳು ಗೇಮ್ ಆಡಿದ ಮಾತ್ರಕ್ಕೆ ಅದು ಚಟವಲ್ಲ. ವಿಶ್ವ ಆರೋಗ್ಯ ಸಂಸ್ಥೆ 'ಗೇಮಿಂಗ್ ಡಿಸಾರ್ಡರ್' ಎಂದು ಗುರುತಿಸಿರುವುದು ಬೇರೆ. ಆಟದ ಮೇಲೆ ಹಿಡಿತ ತಪ್ಪಬೇಕು, ಊಟ, ಓದು, ಸ್ನೇಹ ಎಲ್ಲಕ್ಕಿಂತ ಆಟವೇ ಮುಂದಾಗಬೇಕು, ತೊಂದರೆಯಾದರೂ ನಿಲ್ಲಿಸಲು ಆಗದಿರಬೇಕು. ಇದು ಸಾಮಾನ್ಯವಾಗಿ 12 ತಿಂಗಳಾದರೂ ಕಂಡುಬರಬೇಕು. ಅಂಥ ಲಕ್ಷಣ ಕಂಡರೆ ಬೈದು ಫೋನ್ ಒಡೆಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿ ಬಳಕೆಗೆಂದೇ 'ಶಟ್' ಎಂಬ ಕ್ಲಿನಿಕ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ಇನ್ನೊಂದು ಎಚ್ಚರಿಕೆ: ಹಣ ಕಟ್ಟಿ ಹಣ ಗೆಲ್ಲುವ ಆ್ಯಪ್‌ಗಳೇ ಬೇರೆ, ಇ-ಸ್ಪೋರ್ಟ್ಸ್ ಬೇರೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೂಡ ಇವೆರಡನ್ನು ಬೇರೆಬೇರೆಯಾಗಿಯೇ ನೋಡುತ್ತದೆ. 'ಇಷ್ಟು ಕಟ್ಟಿ ಆಡು, ಅಷ್ಟು ಗೆಲ್ಲು' ಎಂಬ ಲಿಂಕ್ ಬಂದರೆ ಒತ್ತಬೇಡಿ, ಫಾರ್ವರ್ಡ್ ಮಾಡಲೂ ಬೇಡಿ.

ಕೊನೆಗೆ

ಬೆರಳಿನ ವೇಗ ಎಷ್ಟಿದ್ದರೂ ಆಡಬಹುದು. ಎದುರಾಳಿಯನ್ನು ಓದುವುದು ಅಭ್ಯಾಸದಿಂದ ಬರುತ್ತದೆ. ಇಂದು ರಾತ್ರಿ ಸೋತ ಒಂದು ಪಂದ್ಯದ ರೀಪ್ಲೇ ನೋಡಿ, ನಿಮ್ಮನ್ನು ಬೀಳಿಸಿದ ಒಂದು ಹೊಡೆತ ಹುಡುಕಿ. ನಾಳೆ ಅದನ್ನು ಹತ್ತು ಸಲ ತಡೆದು ನೋಡಿ. 'ನನ್ನ ಕೈಲಿ ಆಗಲ್ಲ' ಎಂದು ಗೇಮ್ ಬಿಟ್ಟ ಗೆಳೆಯರಿದ್ದರೆ ಅವರಿಗೂ ಇದನ್ನು ಕಳಿಸಿ.