ಬಚ್ಚಲುಮನೆಯ ಅನುರಣನ

ನಮ್ಮ ಕೂಟದ ಸದಸ್ಯರೊಬ್ಬರ ತಾಯಿ ಹಾಸನ ಜಿಲ್ಲೆಯವರು. ಮಗನ ಮನೆಗೆಂದು ದೆಹಲಿಗೆ ಬಂದಿದ್ದಾಗ ನಮ್ಮ ಸರ್ಕಾರಿ ವಸತಿಗೃಹದ ನಡುಮನೆಯಲ್ಲಿ ಕುಳಿತು ಹನ್ನೊಂದು ಸೋಬಾನೆ ಪದಗಳನ್ನು ಹಾಡಿದರು. ನಾವು ಅವನ್ನು ಮುದ್ರಿಸಿಕೊಂಡೆವು. ಬಳಿಕ ಗಣಕದಲ್ಲಿ ಆ ದನಿಗೆ ಧಾರಾಳವಾಗಿ ‘ಎಕೋ’ ಬೆರೆಸಿ, ದೇವಸ್ಥಾನದೊಳಗಿಂದ ಕೇಳಿಬಂದಂತಿದೆಯೆಂದು ಹಿಗ್ಗಿ, ಜಾಗ ಉಳಿಸಲೆಂದು ಮೂಲ ಕಡತವನ್ನು ಅಳಿಸಿಬಿಟ್ಟೆವು. ಅಜ್ಜಿ ಈಗಿಲ್ಲ. ಪದಗಳನ್ನು ಬರೆದುಕೊಳ್ಳಲು ಕುಳಿತರೆ ಅರ್ಧಕ್ಕರ್ಧ ಮಾತು ಕಿವಿಗೆ ಹತ್ತುತ್ತಿಲ್ಲ. ನಮ್ಮ ಈ ತಪ್ಪಿಗೆ ಪೂರ್ವಚರಿತ್ರೆಯೊಂದಿದೆ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮೊಫೋನಿಗೆ ಹಾಡಿದಾಗ ಇಂತಹ ತಪ್ಪಿಗೆ ಅವಕಾಶವೇ ಇರಲಿಲ್ಲ. ಕಹಳೆಯೊಳಕ್ಕೆ ಗಟ್ಟಿಯಾಗಿ ಹಾಡಬೇಕು. ಆ ಕಂಪನವೇ ಮೇಣದ ಮೇಲೆ ಗೀರಾಗಬೇಕು. ದನಿಯನ್ನು ಹೆಚ್ಚು ಕಡಿಮೆ ಮಾಡುವುದೆಂದರೆ ಗಾಯಕರು ಕಹಳೆಗೆ ಹತ್ತಿರ ಸರಿಯುವುದು ಅಥವಾ ದೂರ ನಿಲ್ಲುವುದು, ಅಷ್ಟೆ. 1925ರಲ್ಲಿ ಮೈಕ್ರೊಫೋನು ಬಂದು ದನಿ ವಿದ್ಯುತ್ತಾಯಿತು. ವಿದ್ಯುತ್ತಾದುದನ್ನು ಸೋಸಬಹುದು, ತಿದ್ದಬಹುದು. ತಿದ್ದುವ ವಿದ್ಯೆಯಾದರೋ ದೂರವಾಣಿಯವರ ಬಳಿ ಆಗಲೇ ಇತ್ತು. ಉದ್ದನೆಯ ತಂತಿಯಲ್ಲಿ ಸಾಗುವಾಗ ಮಾತಿನ ತಾರ ಅಂಶ ಹೆಚ್ಚು ಸವೆಯುತ್ತದೆ. ಸವೆದುದನ್ನು ತುಂಬಿಕೊಟ್ಟು ಎಲ್ಲ ಸ್ತರಗಳನ್ನೂ ಸಮ ಮಾಡುವ ಮಂಡಲಕ್ಕೆ ಅವರು ‘ಈಕ್ವಲೈಸರ್’ ಎಂದರು. ಹೆಸರು ಹೇಳುವಂತೆ ಅದು ನಷ್ಟಪರಿಹಾರದ ಸಾಧನ. ಅಲಂಕಾರದ ಸಾಧನವಾದುದು ಆಮೇಲೆ.

ಅನುರಣನದ ಕಥೆ ಇನ್ನೂ ಸ್ವಾರಸ್ಯಕರ. ಗೋಲಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದವರಿಗೆ ಪ್ರತಿಧ್ವನಿ ಗೊತ್ತು: ಅಲ್ಲಿ ಸದ್ದು ಬಿಡಿಬಿಡಿಯಾಗಿ ಮರಳಿ ಬರುತ್ತದೆ. ಅನುರಣನದಲ್ಲಿ ಅಸಂಖ್ಯ ಮರುದನಿಗಳು ಒಂದರೊಳಗೊಂದು ಬೆರೆತು ಬಾಲದಂತೆ ಉಳಿಯುತ್ತವೆ. ಮುದ್ರಣಕೊಠಡಿಗಳು ಈ ಬಾಲವನ್ನು ಖಾಲಿ ಕೋಣೆಯಲ್ಲಿ ತಯಾರಿಸುತ್ತಿದ್ದವು; ಒಂದು ಮೂಲೆಯ ಧ್ವನಿವರ್ಧಕದಿಂದ ಹಾಡು ಹೊರಡಿಸಿ, ಇನ್ನೊಂದೆಡೆಯ ಮೈಕಿನಿಂದ ಮರಳಿ ಹಿಡಿಯುವುದು. 1947ರಲ್ಲಿ ಷಿಕಾಗೋದ ಬಿಲ್ ಪಟ್ನಮ್, ಹಾರ್ಮೊನಿಕಾಟ್ಸ್ ಎಂಬ ಮೌತ್ ಆರ್ಗನ್ ವಾದಕರ ಮುದ್ರಣಕ್ಕೆ ಸ್ಟುಡಿಯೋದ ಬಚ್ಚಲುಮನೆಯನ್ನೇ ಆ ಕೋಣೆಯಾಗಿ ಬಳಸಿದರು. ತಟ್ಟೆ ಲಕ್ಷಗಟ್ಟಲೆ ಮಾರಾಟವಾಯಿತು. ಬಚ್ಚಲಿನಲ್ಲಿ ಎಲ್ಲರೂ ಗಾಯಕರೇ ಎಂಬ ನಮ್ಮ ಮನೆಮಾತಿಗೆ ಅಮೆರಿಕದಲ್ಲಿ ಹೀಗೆ ವ್ಯಾಪಾರದ ಮುದ್ರೆ ಬಿತ್ತು! 1957ರಲ್ಲಿ ಜರ್ಮನಿಯ ಇಎಂಟಿ ಸಂಸ್ಥೆ ಕೋಣೆಯ ಬದಲು ತೂಗುಹಾಕಿದ ಉಕ್ಕಿನ ಹಾಳೆಯನ್ನು ಕಂಪಿಸಿತು. 1960ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದ ಮ್ಯಾನ್‌ಫ್ರೆಡ್ ಶ್ರೋಡರ್ ಹಾಳೆಯೂ ಬೇಡ, ಲೆಕ್ಕಾಚಾರ ಸಾಕು ಎಂದು ತೋರಿಸಿದರು. ನಮ್ಮ ಗಣಕದ ಗುಂಡಿಯ ಹಿಂದಿರುವುದು ಆ ಲೆಕ್ಕಾಚಾರದ ಸಂತತಿ.

ಮನೆಯಲ್ಲೇ ಮುದ್ರಿಸುವ ಪರಂಪರೆಯ ಆದಿಪುರುಷರಲ್ಲಿ ಲೆಸ್ ಪಾಲ್ ಒಬ್ಬರು. ಹಾಲಿವುಡ್ಡಿನ ತಮ್ಮ ಮನೆಯ ಗ್ಯಾರೇಜಿನಲ್ಲಿ ಅವರು ತಮ್ಮದೇ ಗಿಟಾರಿನ ಮೇಲೆ ಗಿಟಾರನ್ನು ಪೇರಿಸುತ್ತಿದ್ದರು. 1949ರಲ್ಲಿ ಬಿಂಗ್ ಕ್ರಾಸ್ಬಿ ಕೊಟ್ಟ ಟೇಪ್ ಯಂತ್ರಕ್ಕೆ ಅವರು ಹೆಚ್ಚುವರಿ ಹೆಡ್ ಒಂದನ್ನು ಜೋಡಿಸಿದರು. ಅದರಲ್ಲಿ ಹಳೆಯ ಪದರವನ್ನು ಓದಿ, ಹೊಸದರೊಡನೆ ಬೆರೆಸಿ ಬರೆಯುವಾಗ ಹಳೆಯದು ಅಳಿದೇ ಹೋಗುತ್ತಿತ್ತು. ಕೊನೆಯ ಪದರದಲ್ಲಿ ಬೆರಳು ತಪ್ಪಿದರೆ ಮೊದಲಿನಿಂದ ಆರಂಭ. ಪದರಕ್ಕೊಮ್ಮೆ ತಾರ ಅಂಶ ಮಂಕಾಗುವುದರಿಂದ ಮುಖ್ಯ ದನಿಯನ್ನು ಕೊನೆಗೆ ಇರಿಸುವುದು ಲೇಸು. ಅಳಿಸುವುದು ಅವರಿಗೆ ಯಂತ್ರ ಹೇರಿದ ಬೆಲೆ. ಅದಕ್ಕೆ ತಕ್ಕ ತಯಾರಿಯೂ ಅವರಲ್ಲಿತ್ತು. ನಮಗೆ ಯಾವ ಯಂತ್ರವೂ ಏನನ್ನೂ ಹೇರಿರಲಿಲ್ಲ.

1979ರಲ್ಲಿ ಟಿಯಾಕ್ ಕಂಪನಿಯ ಪೋರ್ಟಾಸ್ಟುಡಿಯೋ ಬಂದು, ಸಾಮಾನ್ಯ ಕ್ಯಾಸೆಟ್ಟಿನಲ್ಲಿ ನಾಲ್ಕು ಪಥಗಳನ್ನು ಬೇರೆಬೇರೆಯಾಗಿ ಇಡುವುದು ಸಾಧ್ಯವಾಯಿತು. 1982ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಮನೆಯಲ್ಲಿ ಅದರ ಮುಂದೆ ಕುಳಿತು ಹಾಡಿ, ಎಕೋಪ್ಲೆಕ್ಸ್ ಎಂಬ ಟೇಪಿನ ಪ್ರತಿಧ್ವನಿ ಯಂತ್ರದ ಮೂಲಕ ಮಿಶ್ರಣ ಮಾಡಿದರು. ವಾದ್ಯವೃಂದಕ್ಕೆ ಕೇಳಿಸುವ ಮಾದರಿಯಷ್ಟೇ ಅದು. ಆದರೆ ವೃಂದದೊಡನೆ ಎಷ್ಟು ಹಾಡಿದರೂ ಆ ಗುಣ ಬರಲಿಲ್ಲ. ಜೇಬಿನಲ್ಲಿ ಡಬ್ಬಿಯೂ ಇಲ್ಲದೆ ತಿರುಗಿದ್ದ ಕ್ಯಾಸೆಟ್ಟೇ ಕೊನೆಗೆ ‘ನೆಬ್ರಾಸ್ಕ’ ಆಯಿತು. ಅಂತೂ ಬೆರಕೆಯೂ ಚೆಲುವೇ. ಪ್ರತಿಧ್ವನಿಯನ್ನು ನಾವು ದೂರುತ್ತಿಲ್ಲ.

ದೂರಬೇಕಾದುದು ನಮ್ಮ ಕಿವಿಯನ್ನು. ನಮ್ಮ ಮುದ್ರಣದಲ್ಲಿ ಪಂಖದ ಗುಂಯ್‌ಗುಡುವಿಕೆಯಿತ್ತು. ಕೆಳಸ್ತರವನ್ನು 80 ಹರ್ಟ್ಸ್‌ವರೆಗೆ ಕತ್ತರಿಸಿದ್ದರೆ ಅಜ್ಜಿಯ ದನಿಗೆ ಹೆಚ್ಚಿನ ಹಾನಿಯಿರಲಿಲ್ಲ. ನಾವು ಅದನ್ನು ಬಿಟ್ಟು, ಸಕಾರ ಚುಚ್ಚುತ್ತದೆಂದು ಮೇಲ್‌ಸ್ತರವನ್ನು ತಗ್ಗಿಸಿದೆವು. ವ್ಯಂಜನಗಳ ಸ್ಪಷ್ಟತೆ ಇರುವುದೇ ಅಲ್ಲಿ. ಹಾಗೆ ಮೊಂಡಾದ ವ್ಯಂಜನಗಳ ಮೇಲೆ ಹಿಂದಿನ ಸ್ವರದ ಬಾಲವನ್ನು ಹರಡಿದೆವು. ತಗ್ಗಿಸಿದುದನ್ನು ಒಂದಿಷ್ಟು ಮೇಲೆತ್ತಬಹುದು. ಅನುರಣನವನ್ನು ಹಿಂತೆಗೆಯುವುದು ಕಷ್ಟ. ಈಚಿನ ತಂತ್ರಾಂಶಗಳು ಅದನ್ನು ತಗ್ಗಿಸುತ್ತವೆ, ಜೊತೆಗೆ ದನಿಯನ್ನೂ ಕೆರೆಯುತ್ತವೆ. ಏನೂ ಬೆರೆಸದ ದನಿಗೆ ಇಂಗ್ಲಿಷಿನವರು ‘ಒಣ’ ಎನ್ನುತ್ತಾರೆ. ನಮಗೆ ‘ಹಸಿ’ ಎನ್ನುವುದೇ ಸರಿಯೆನಿಸುತ್ತದೆ.

ಹನ್ನೊಂದರಲ್ಲಿ ಆರು ಪದಗಳನ್ನು ಪೂರ್ತಿ ಬರೆದುಕೊಂಡಿದ್ದೇವೆ. ಉಳಿದ ಐದರಲ್ಲಿ ಅಲ್ಲಲ್ಲಿ ಚುಕ್ಕೆಗಳಿವೆ. ಏಳನೆಯ ಪದ ಮುಗಿದ ಮೇಲೆ ಅಜ್ಜಿ, “ಸಾಕೇನಪ್ಪ, ಇನ್ನೊಂದ್ ಹೇಳ್ಲಾ?” ಎಂದು ಕೇಳುತ್ತಾರೆ. ಆ ಮಾತಿಗೂ ನಾವು ದೇವಸ್ಥಾನದ ಬಾಲ ಅಂಟಿಸಿದ್ದೇವೆ.