ಕಾಡ್ಗಿಚ್ಚಿಗೆ ಹೆಗಲು ಕೊಟ್ಟವರು: ಕುಂಬಾರವಾಡ ಸೀಮೆಯಲ್ಲಿ ಬಿಟ್ಟಿ ದುಡಿಮೆಯಿಂದ ದಿನಗೂಲಿಯವರೆಗೆ

ಜೋಯಿಡಾದಿಂದ ಅಣಶಿ ಘಟ್ಟ ಇಳಿದು ಕಾರವಾರಕ್ಕೆ ಹೋಗುವ ದಾರಿಯಲ್ಲಿರುವ ಕುಂಬಾರವಾಡ ಇಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಂದು ವನ್ಯಜೀವಿ ವಲಯದ ಹೆಸರೂ ಆಗಿದೆ. ಇಲ್ಲಿ ಬೆಂಕಿಯೆಂದರೆ ಮೊದಲಿಗೆ ಕಾಡ್ಗಿಚ್ಚು. ಅದನ್ನು ಆರಿಸುವ ಹೊಣೆ ಒಂದೂವರೆ ಶತಮಾನದಿಂದ ಅರಣ್ಯ ಇಲಾಖೆಯ ಕೆಲವೇ ನೌಕರರ ಮೇಲೂ ಕಾಡಿನ ಅಂಚಿನ ಹಳ್ಳಿಗರ ಮೇಲೂ ಬಿದ್ದಿದೆ. ಈ ಹಳ್ಳಿಗರ ದುಡಿಮೆ ಎಲ್ಲಿಯವರೆಗೆ ಸಂಬಳವಿಲ್ಲದ ಸೇವೆಯಾಗಿರಬಹುದು, ಯಾವ ಹಂತದಲ್ಲಿ ಅದು ಸಂಬಳದ ಕಸುಬಾಗಬೇಕು ಎಂಬ ಪ್ರಶ್ನೆಗೆ ಈ ಸೀಮೆಯ ಇತಿಹಾಸವೇ ಬಹುಮಟ್ಟಿಗೆ ಉತ್ತರ ಹೇಳುತ್ತದೆ.

ಸರ್ಕಾರದ ಅರಣ್ಯ ಇಲಾಖೆ ಬರುವ ಮೊದಲು ಈ ಕಾಡುಗಳಲ್ಲಿ ಬೆಂಕಿ ಬೇಸಾಯದ ಸಾಧನವಾಗಿತ್ತು. ಚಳಿಗಾಲದಲ್ಲಿ ಕಾಡಿನ ಒಂದು ತುಂಡನ್ನು ಕಡಿದು, ಒಣಗಲು ಬಿಟ್ಟು, ಮಳೆಗೆ ಮುನ್ನ ಸುಟ್ಟು, ಬೂದಿಯಲ್ಲಿ ರಾಗಿಯಂಥ ಧಾನ್ಯ ಬಿತ್ತಿ, ಒಂದೆರಡು ಬೆಳೆಯ ಬಳಿಕ ಆ ನೆಲವನ್ನು ಮತ್ತೆ ಕಾಡಿಗೆ ಬಿಡುವ ಪದ್ಧತಿಗೆ ಕುಮರಿ ಎಂದು ಹೆಸರು; ಕುಂಬಾರವಾಡವೂ ಸೇರಿದ ಸೂಪಾ ಸೀಮೆಯ ಕುಣಬಿ ಸಮುದಾಯದವರು ಇದನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದರು. ಕುಮರಿಯನ್ನು ಸುಡುವವನಿಗೆ ಗಾಳಿಯ ದಿಕ್ಕು, ಇಳಿಜಾರಿನಲ್ಲಿ ಉರಿ ಏರುವ ವೇಗ, ಬೆಂಕಿ ದಾಟದಂತೆ ಅಂಚನ್ನು ಗುಡಿಸಿಡಬೇಕಾದ ಅಗಲ, ಇವೆಲ್ಲ ತಿಳಿದಿರಲೇಬೇಕಾಗಿತ್ತು. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಹ್ಯೂ ಕ್ಲೆಗ್‌ಹಾರ್ನ್‌ರಂಥವರ ಕಣ್ಣಿಗೆ ಕುಮರಿ ಮರಮುಟ್ಟಿನ ನಾಶವಾಗಿ ಕಂಡಿತು. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆಯೂ ಕುಮರಿಯ ಮೇಲಿನ ನಿರ್ಬಂಧ ಸಡಿಲಾಗದೆ ಹಂತಹಂತವಾಗಿ ಬಿಗಿಯಾಯಿತು.

ಕುಮರಿ ಕುಗ್ಗಿದರೂ ಬೆಂಕಿಯನ್ನು ಬಲ್ಲ ಕೈಗಳು ಇಲಾಖೆಗೆ ಬೇಕಾಗಿದ್ದವು. 1860ರ ದಶಕದಲ್ಲಿ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಕರ್ನಲ್ ಪಿಯರ್ಸನ್ ಆರಂಭಿಸಿದ ಬೆಂಕಿ ತಡೆ ವ್ಯವಸ್ಥೆ ದೇಶದ ಇತರ ಕಾಡುಗಳಿಗೂ ಹರಡಿತು. 1878ರ ಅರಣ್ಯ ಕಾಯ್ದೆಯೂ ಅದರ ಜಾಗಕ್ಕೆ ಬಂದ 1927ರ ಭಾರತೀಯ ಅರಣ್ಯ ಕಾಯ್ದೆಯೂ ಈ ದುಡಿಮೆಯನ್ನು ಕಾನೂನಿನ ಕಟ್ಟಳೆಯಾಗಿಸಿದವು. 1927ರ ಕಾಯ್ದೆಯ 79ನೆಯ ಕಲಮಿನ ಪ್ರಕಾರ, ಕಾಡಿನಲ್ಲಿ ದನ ಮೇಯಿಸುವ, ಸೌದೆ ಸೊಪ್ಪು ತರುವ ಹಕ್ಕನ್ನೋ ಅನುಮತಿಯನ್ನೋ ಪಡೆದ ಪ್ರತಿಯೊಬ್ಬನೂ ಬೆಂಕಿಯ ಸುದ್ದಿ ತಿಳಿದ ಕೂಡಲೇ ಅದನ್ನು ಆರಿಸಲು ಮುಂದಾಗಬೇಕು; ತಪ್ಪಿದರೆ ಒಂದು ತಿಂಗಳವರೆಗಿನ ಸೆರೆವಾಸ, 200 ರೂಪಾಯಿವರೆಗಿನ ದಂಡ ಅಥವಾ ಎರಡೂ. ಮೀಸಲು ಅರಣ್ಯಕ್ಕೆ ಬೇಕೆಂದೇ ಅಥವಾ ತೀರ ಅಜಾಗರೂಕತೆಯಿಂದ ಬೆಂಕಿ ಬಿದ್ದರೆ ಆ ಭಾಗದಲ್ಲಿ ಮೇವಿನ ಮತ್ತು ಕಾಡುತ್ಪನ್ನದ ಹಕ್ಕುಗಳನ್ನೇ ಅಮಾನತಿನಲ್ಲಿಡುವ ಅಧಿಕಾರವನ್ನೂ ಅದೇ ಕಾಯ್ದೆ ಸರ್ಕಾರಕ್ಕೆ ಕೊಟ್ಟಿತು. ಬೆಂಕಿ ಆರಿಸಲು ಸಹಾಯ ಮಾಡುವ ಈ ಕರ್ತವ್ಯ 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೂ ಮುಂದುವರಿಯಿತು. ಹೀಗಾಗಿ ಹಳ್ಳಿಗರ ಬೆಂಕಿ ಸೇವೆಯನ್ನು ಸ್ವಯಂಸೇವೆ ಎಂದು ಕರೆಯುವುದು ಪೂರ್ತಿ ಸರಿಯಲ್ಲ. ಹಕ್ಕಿಗೆ ಪ್ರತಿಯಾಗಿ ಸಲ್ಲಿಸುವ ದುಡಿಮೆ ಅದಾಗಿತ್ತು. ಕಾಡು ಸೌದೆ, ಮೇವು, ತರಗೆಲೆಗಳನ್ನು ಕೊಡುವವರೆಗೆ ಆ ಕರಾರಿಗೆ ಒಂದು ನ್ಯಾಯವೂ ಇತ್ತು.

ಆ ದುಡಿಮೆ ಎಂಥದು ಎಂಬುದನ್ನು ಹತ್ತಿರದಿಂದ ನೋಡಬೇಕು. ದಾಂಡೇಲಿ, ಹಳಿಯಾಳ, ಮುಂಡಗೋಡದ ಕಡೆಯ ಎಲೆಯುದುರುವ ಕಾಡುಗಳಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಸಾಗುವಾನಿಯ ಅಗಲವಾದ ಎಲೆಗಳು ನೆಲದ ತುಂಬ ಹಾಸುತ್ತವೆ. ಹೂಬಿಟ್ಟು ಸತ್ತ ಬಿದಿರು ಮೆಳೆಗಳಿದ್ದರೆ ಉರಿಗೆ ಅವು ಇನ್ನಷ್ಟು ಮೇವಾಗುತ್ತವೆ. ಬೇಸಿಗೆಗೆ ಮುಂಚೆಯೇ ರಸ್ತೆಯ ಇಕ್ಕೆಲಗಳಲ್ಲೂ ವಲಯದ ಗಡಿಗಳಲ್ಲೂ ಹುಲ್ಲು ಕಡಿದು, ಒಣಗಿಸಿ, ಕಾವಲಿನಲ್ಲಿ ಸುಟ್ಟು ಬರಿನೆಲದ ಪಟ್ಟಿ ಮಾಡುತ್ತಾರೆ. ಇದೇ ಬೆಂಕಿ ರೇಖೆ. ಉರಿ ಎದ್ದಾಗ ಹಸಿಸೊಪ್ಪಿನ ಕೊಂಬೆ ಹಿಡಿದವರು ಅದರ ಮುಖಕ್ಕೆ ಎದುರಾಗಿ ನಿಲ್ಲದೆ ಎರಡೂ ಬದಿಗಳಿಂದ ಬಡಿಯುತ್ತ ಅದನ್ನು ಕಿರಿದು ಮಾಡುತ್ತಾರೆ. ಉರಿ ಕೈಮೀರಿದರೆ ಮುಂದಿನ ಯಾವುದೋ ದಾರಿ ಅಥವಾ ಹಳ್ಳದ ಅಂಚಿನಿಂದ ಎದುರು ಬೆಂಕಿ ಕೊಟ್ಟು, ಅದು ತಿನ್ನಬೇಕಾದ ತರಗನ್ನು ಮೊದಲೇ ಸುಟ್ಟುಬಿಡುತ್ತಾರೆ. ಉರಿ ಆರಿದ ಮೇಲೂ ಟೊಳ್ಳು ಮರ, ಬಿದ್ದ ದಿಮ್ಮಿಗಳೊಳಗೆ ಕೆಂಡ ಉಳಿದಿರುತ್ತದೆ. ಅದನ್ನು ಹುಡುಕಿ ಮಣ್ಣು ಮುಚ್ಚದಿದ್ದರೆ ಮರುದಿನದ ಗಾಳಿಗೆ ಕಾಡು ಮತ್ತೆ ಹೊತ್ತಿಕೊಳ್ಳುತ್ತದೆ. ಭಾರತ ಹುಣ್ಣಿಮೆಯಂದು ಇದೇ ಸೀಮೆಯ ಉಳವಿಯಲ್ಲಿ ನಡೆಯುವ ಜಾತ್ರೆಗೆ ಚಕ್ಕಡಿಗಳು ಸಾಲುಗಟ್ಟುವುದೂ, ದಾರಿಯಲ್ಲಿ ಒಲೆ ಹೂಡಿ ಅಡುಗೆ ನಡೆಯುವುದೂ ಕಾಡು ಒಣಗತೊಡಗುವ ಈ ಹೊತ್ತಿನಲ್ಲೇ. ಆದ್ದರಿಂದ ಇಲ್ಲಿ ಬೆಂಕಿ ಆರಿಸುವುದಕ್ಕಿಂತ ತಿಂಗಳುಗಟ್ಟಲೆ ಕಾಯುವುದೇ ದೊಡ್ಡ ಕೆಲಸ.

ಬೆಂಕಿ ಆರಿಸುವ ದುಡಿಮೆ ಯಾವಾಗ ಸಂಬಳದ ಕಸುಬಾಗಬೇಕು ಎಂಬ ಪ್ರಶ್ನೆಯನ್ನು ನಗರಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಎದುರಿಸಿದವು. ಅಮೆರಿಕದ ಸಿನ್ಸಿನಾಟಿ 1853ರಲ್ಲಿ, ನ್ಯೂಯಾರ್ಕ್ 1865ರಲ್ಲಿ ಸ್ವಯಂಸೇವಕ ಪಡೆಗಳನ್ನು ಬಿಟ್ಟು ಸಂಬಳದ ದಳಗಳನ್ನು ಕಟ್ಟಿದವು. ಉಗಿಯಂತ್ರದ ಪಂಪುಗಳನ್ನು ನಡೆಸಲು ಪಳಗಿದ ಕೈಗಳು ಬೇಕಾದದ್ದು, ಪಡೆಗಳ ನಡುವಿನ ಜಗಳಗಳು ಬೇಸರ ತಂದದ್ದು ಇದಕ್ಕೆ ಕಾರಣಗಳು. ಮುಂಬಯಿಯಲ್ಲಿ 1887ರಲ್ಲಿ ಅಗ್ನಿಶಾಮಕ ದಳ ನಗರಸಭೆಯ ಕೈಗೆ ಬಂತು. 1944ರ ಏಪ್ರಿಲ್ 14ರ ಬಂದರು ಸ್ಫೋಟದಲ್ಲಿ ಅದರ 66 ಸಿಬ್ಬಂದಿ ಪ್ರಾಣ ತೆತ್ತರು. ಕರ್ನಾಟಕದಲ್ಲಿ 1964ರ ಕಾಯ್ದೆ ಅಗ್ನಿಶಾಮಕ ದಳಕ್ಕೆ ಕಾನೂನಿನ ಬುನಾದಿ ಹಾಕಿತು. ಕಾಡಿನ ಬೆಂಕಿ ಮಾತ್ರ ಹಳೆಯ ಕರಾರಿನ ನೆರಳಿನಲ್ಲೇ ಉಳಿಯಿತು.

ಆ ಕರಾರಿನ ಒಂದು ಬದಿ ಸ್ವಾತಂತ್ರ್ಯಾನಂತರ ಕ್ರಮೇಣ ಕುಸಿಯಿತು. 1956ರಲ್ಲಿ ದಾಂಡೇಲಿ ವನ್ಯಜೀವಿಧಾಮ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ ಘೋಷಣೆಯಾದವು. 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ನದಿಯ ಹೆಸರು ಪಡೆದವು. ನಡುವೆ 1993ರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಜಂಟಿ ಅರಣ್ಯ ಯೋಜನೆಯ ಆದೇಶ ಗ್ರಾಮ ಅರಣ್ಯ ಸಮಿತಿಗಳಿಗೆ ದಾರಿ ಮಾಡಿ, ರಕ್ಷಣೆಗೆ ಪ್ರತಿಯಾಗಿ ಕಾಡಿನ ಆದಾಯದಲ್ಲಿ ಪಾಲು ಕೊಡುವ ಮೂಲಕ ಹಳೆಯ ಕರಾರನ್ನು ಹೊಸ ರೂಪದಲ್ಲಿ ಕಟ್ಟಲು ನೋಡಿತು. ಆದರೆ ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿಧಾಮಗಳಿಂದ ಒಣಮರ, ಹುಲ್ಲು ಮುಂತಾದವನ್ನು ತೆಗೆಯದಂತೆ 2000ದ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದ ಮೇಲೆ, ಸಂರಕ್ಷಿತ ಕಾಡಿನೊಳಗೆ ಹಂಚಿಕೊಳ್ಳಲು ಬಹಳವೇನೂ ಉಳಿಯಲಿಲ್ಲ. ಹಕ್ಕು ಕರಗಿತು, ಕರ್ತವ್ಯ ಉಳಿಯಿತು.

ಹಕ್ಕಿಗೆ ಪ್ರತಿಯಾಗಿ ದೊರೆಯುತ್ತಿದ್ದ ದುಡಿಮೆಯ ಕೊರತೆಯನ್ನು ತುಂಬುತ್ತಿರುವವರು ಬೆಂಕಿ ಕಾವಲುಗಾರರು, ಎಂದರೆ ಬೇಸಿಗೆಯ ತಿಂಗಳುಗಳಿಗಷ್ಟೇ ದಿನಗೂಲಿಯ ಮೇಲೆ ನೇಮಕವಾಗುವ ಸ್ಥಳೀಯರು. 2004ರಿಂದ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹದ ನೆರವಿನಿಂದ ಬೆಂಕಿಯ ಸುಳಿವನ್ನು ಇಲಾಖೆಗೆ ಕಳುಹಿಸುತ್ತ ಬಂದಿದ್ದರೂ ಸುಳಿವು ಸಿಕ್ಕ ಜಾಗಕ್ಕೆ ನಡೆದು ಹೋಗಬೇಕಾದವರು ಇವರೇ. ಅಪಾಯ ಸಣ್ಣದಲ್ಲ: 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲೂ, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡಿನಲ್ಲೂ ತರಬೇತಿ ಪಡೆದ ಅರಣ್ಯ ರಕ್ಷಕರೇ ಉರಿಗೆ ಬಲಿಯಾದರು. 2019ರಲ್ಲಿ ಬಂಡೀಪುರ ಹೊತ್ತಿ ಉರಿದಾಗ ಊರೂರುಗಳಿಂದ ಸ್ವಯಂಸೇವಕರು ಓಡಿಬಂದರು, ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ಆ ಔದಾರ್ಯ ದೊಡ್ಡದು. ಆದರೆ ಆಪತ್ತಿನ ದಿನ ಬರುವ ಜನ ಡಿಸೆಂಬರಿನಲ್ಲಿ ಬೆಂಕಿ ರೇಖೆ ಕಡಿಯಲು ಇರುವುದಿಲ್ಲ.

ಹಾಗಾದರೆ ಸಂಬಳದ ಪಡೆ ಯಾವಾಗ ಬೇಕು? ಈ ಇತಿಹಾಸ ಮೂರು ಗುರುತುಗಳನ್ನು ಕೊಡುತ್ತದೆ: ದುಡಿಮೆಗೆ ಪ್ರತಿಫಲವಾಗಿದ್ದ ಹಕ್ಕು ಕೈತಪ್ಪಿದಾಗ, ಕೆಲಸ ಒಂದು ದಿನದ ಓಡಾಟವಾಗಿ ಉಳಿಯದೆ ಇಡೀ ಋತುವಿನ ಕಾವಲಾದಾಗ, ಅಪಾಯ ತರಬೇತಿಯಿಲ್ಲದವನ ಅಳವನ್ನು ಮೀರಿದಾಗ. ಕುಂಬಾರವಾಡ ಸೀಮೆಯಲ್ಲಿ ಈ ಮೂರೂ ಕಾಣಿಸಿಕೊಂಡಿವೆ. ಸಂಬಳ ಬಂದರೆ ಊರಿನ ಒಡನಾಟದ ಹೊಣೆ ಸಡಿಲವಾಗುತ್ತದೆ ಎಂಬ ಆಕ್ಷೇಪಕ್ಕೂ ತೂಕವಿದೆ. ಹೊರಗಿನಿಂದ ಬಂದ ಪಡೆಗೆ ಇಲ್ಲಿನ ಗಾಳಿಯೂ ಹಳ್ಳಕೊಳ್ಳವೂ ತಿಳಿಯವು. ಇದಕ್ಕೆ ಪರಿಹಾರ ಸಂಬಳವನ್ನು ತಡೆಯುವುದಲ್ಲ, ಅದನ್ನು ಊರವರಿಗೇ ಕೊಡುವುದು. ಕುಣಬಿ, ಗೌಳಿ, ಸಿದ್ದಿ ಸಮುದಾಯಗಳ ಅನುಭವಸ್ಥರನ್ನು ವರ್ಷವಿಡೀ ಹುದ್ದೆಯಲ್ಲಿಟ್ಟು, ಮಳೆಗಾಲದಲ್ಲಿ ಕಾಡಿನ ಬೇರೆ ಕೆಲಸ ವಹಿಸಿ, ತರಬೇತಿ, ಬೆಂಕಿ ತಡೆಯುವ ಉಡುಪು ಹಾಗೂ ವಿಮೆಯ ರಕ್ಷೆ ನೀಡಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೂ ಕೊಟ್ಟಿರುವುದರಿಂದ ಈ ಪಡೆಯ ಆಯ್ಕೆಯಲ್ಲಿ ಗ್ರಾಮಸಭೆಗೆ ಮಾತಿರಬೇಕು. ಕಾಡಿನ ಹಕ್ಕನ್ನು ಹಿಂದಕ್ಕೆ ಪಡೆದ ಸರ್ಕಾರವು ಕಾಡನ್ನು ಉಳಿಸಲು ಜೀವ ಪಣಕ್ಕಿಡುವವರ ಬದುಕಿನ ಹೊಣೆಯನ್ನೂ ಹೊತ್ತುಕೊಳ್ಳಲೇಬೇಕು. ಅದನ್ನು ಒಂದು ಬೇಸಿಗೆಯ ಕೂಲಿಯಲ್ಲಿ ತೀರಿಸಲಾಗದು.