ಅಟ್ಟದ ಮ್ಯಾಲಿನ ಹಲಗಿ



ಮೊನ್ನೆ ಟಿಕೋಟಾದ ನಮ್ಮ ಮನ್ಯಾಗ ಜಗಳ ಆಯ್ತು. ತಮ್ಮನ ಮಗ ವಿಜಯಪುರದಾಗ ಕಾಲೇಜು ಓದ್ತಾನ. ಗೆಳೆಯರ ಜೋಡಿ ಗಿಟಾರು, ಡ್ರಮ್ಮು ಇಟ್ಟುಕೊಂಡು ಬ್ಯಾಂಡ್ ಕಟ್ಯಾನ. ಏಪ್ರಿಲ್ 14ಕ್ಕೆ ನುಡಿಸ್ತಾರಂತ, ಅದರಾಗ ಹಲಗಿ ಬೇಕಂತ. ಅಟ್ಟದ ಮ್ಯಾಲಿರೋ ಮುತ್ಯಾನ ಹಲಗಿ ಕೇಳಿದ. ನಮ್ಮಪ್ಪ ಉಣ್ಣೋ ತಾಟು ಬಿಟ್ಟು ಎದ್ದು ಹೋದ. ಈ ಜಗಳದ ಹಿಂದೆ ಇತಿಹಾಸ ಐತಿ, ಅದಕ್ಕ ಬರೀತಿದ್ದೀನಿ. ಉದ್ದ ಆದ್ರ ಬೈಬ್ಯಾಡ್ರಿ.

1980ರ ದಶಕದ ಕೊನೆಯಲ್ಲಿ ನಾನು ವಿಜಯಪುರದ ಹಾಸ್ಟೆಲಿನಲ್ಲಿದ್ದೆ. ಆಗಿನ್ನೂ ಬಿಜಾಪುರ. ರೂಮಿನ ಗೆಳೆಯನ ಅಣ್ಣ ಮುಂಬೈಯಾಗ ದುಡೀತಿದ್ದ. ಅವ ಹಬ್ಬಕ್ಕ ಬಂದಾಗ ಒಂದು ಟೇಪ್ ರೆಕಾರ್ಡರು, ನಾಕೈದು ಕ್ಯಾಸೆಟ್ಟು ಬಿಟ್ಟು ಹೋದ. ಒಂದರ ಮ್ಯಾಲ ರೆಕ್ಕೆ ಇರೋ ಆನೆ ಚಿತ್ರ. ಒಸಿಬಿಸಾ ಅಂತ ಹೆಸರು. ಘಾನಾದ ಟೆಡ್ಡಿ ಓಸೇ ಮತ್ತು ಗೆಳೆಯರು, ಕೆರಿಬಿಯನ್ ದ್ವೀಪಗಳ ಹುಡುಗರ ಜೊತೆ ಸೇರಿ 1969ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ತಂಡ. 1971ರಲ್ಲಿ ಅವರ ಮೊದಲ ಆಲ್ಬಮ್ ಬಂತು. ಇದೆಲ್ಲ ಆಮ್ಯಾಲ ತಿಳಿದದ್ದು. ಅವತ್ತು ತಿಳಿದದ್ದು ಇಷ್ಟ: ಕರೆಂಟಿನ ಗಿಟಾರಿನ ಕೆಳಗ ತೊಗಲಿನ ಪೆಟ್ಟು ಬೀಳ್ತಿತ್ತು, ಆ ಪೆಟ್ಟು ನನಗ ಗೊತ್ತಿತ್ತು. ಗೆಳೆಯ ಊಟದ ತಾಟು ಬೋರಲು ಹಾಕಿ ಅದರ ಜೋಡಿ ಬಡಿದ. ನಾನು ಬಡೀಲಿಲ್ಲ. ಅಪ್ಪ ಊರಾಗ ಹಲಗಿ ಬಾರಿಸೋದನ್ನ ಯಾರ ಮುಂದೂ ಹೇಳಿರಲಿಲ್ಲ ನಾನು.

ರಾಕ್ ಸಂಗೀತ ಬಿಳಿಯರದು ಅಂತ ಬಹಳ ಮಂದಿ ತಿಳಕೊಂಡಾರ. ಅದರ ಬೇರು ಕರಿಯರ ಬ್ಲೂಸ್‌ನಲ್ಲಿದೆ, ಬ್ಲೂಸ್‌ನ ಬೇರು ಹೊಲದಾಗ ದುಡಿದ ಗುಲಾಮರ ಹಾಡಿನಲ್ಲಿದೆ. 1739ರಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ ಗುಲಾಮರು ದಂಗೆಯೆದ್ದರು, ನಗಾರಿ ಬಾರಿಸುತ್ತಾ ನಡೆದರು. ಮರುವರ್ಷವೇ ಕಾನೂನು ಬಂತು: ಗುಲಾಮರು ನಗಾರಿ ಇಟ್ಟುಕೊಳ್ಳುವಂತಿಲ್ಲ. ಅಲ್ಲಿ ಧಣಿ ಗುಲಾಮನ ಕೈಯಿಂದ ನಗಾರಿ ಕಸಿದ. ಇಲ್ಲಿ ನಮ್ಮ ಕೈಗೆ ಹಲಗಿ ಹೇರಿದ. ಅವರು ಬಾರಿಸಿದ್ರ ತಪ್ಪು, ನಾವು ಬಾರಿಸಲಿಲ್ಲ ಅಂದ್ರ ತಪ್ಪು.

ಆಫ್ರಿಕಾದ ಗುಲಾಮರು ಅಮೆರಿಕಕ್ಕಷ್ಟೇ ಹೋಗಲಿಲ್ಲ, ನಮ್ಮ ಊರಿಗೂ ಬಂದರು. ಹಬ್ಶಿಗಳು ಅಂತಿದ್ದರು. 1580ರಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹಿ ಪಟ್ಟಕ್ಕೆ ಬಂದಾಗ ಒಂಬತ್ತು ವರ್ಷದ ಹುಡುಗ. ರಾಜ್ಯ ನಡೆಸಿದವರಲ್ಲಿ ಇಖ್ಲಾಸ್ ಖಾನ್, ದಿಲಾವರ್ ಖಾನ್ ಎಂಬ ಹಬ್ಶಿಗಳಿದ್ದರು. ನಾವು ಪ್ರವಾಸಿಗರಿಗೆ ಹೆಮ್ಮೆಯಿಂದ ತೋರಿಸೋ ಇಬ್ರಾಹಿಂ ರೋಜಾ ಕಟ್ಟಿಸಿದ ಮಲಿಕ್ ಸಂದಲ್ ಕೂಡ ಹಬ್ಶಿ. ಇದೇ ಇಬ್ರಾಹಿಂ ಸಂಗೀತದ ಹುಚ್ಚ. ದಖನಿಯಲ್ಲಿ 'ಕಿತಾಬ್-ಎ-ನವರಸ್' ಬರೆದ, ಟಿಕೋಟಾ ದಾರ್ಯಾಗ ತೊರವಿ ಹತ್ರ ನವರಸಪುರ ಅಂತ ಊರೇ ಕಟ್ಟಿಸಿದ. ಸಂಗೀತ ಮಹಲಿನ ಅವಶೇಷ ಈಗಲೂ ಐತಿ. ಆ ಊರನ್ನ 1624ರಲ್ಲಿ ಹಾಳುಗೆಡವಿದವ ಯಾರು ಗೊತ್ತೇನು? ಅಹ್ಮದನಗರದ ಮಲಿಕ್ ಅಂಬರ್. ಇಥಿಯೋಪಿಯಾದಿಂದ ಮಾರಾಟವಾಗಿ ಬಂದ ಹುಡುಗ! ನನಗೆ ಖುಷಿ ಆಗಬೇಕೋ ದುಃಖ ಆಗಬೇಕೋ ತಿಳಿಯೋದಿಲ್ಲ.

ಅರಮನೆಯಾಗ ಮೇಲೇರಿದವರ ಹೆಸರು ಉಳೀತು. ಹಬ್ಶಿ ಸಿಪಾಯಿ, ಆಳು, ಅಡಿಗೆಯ ಹೆಂಗಸು ರಾತ್ರಿ ಏನು ಬಾರಿಸಿದರು, ಏನು ಹಾಡಿದರು, ವಿಜಯಪುರದ ಯಾವ ಕಲ್ಲಿನ ಮ್ಯಾಲೂ ಬರೆದಿಲ್ಲ. ಡಮಾಮಿ ಕೇಳಬೇಕಂದ್ರ ಯಲ್ಲಾಪುರ, ಹಳಿಯಾಳದ ಕಾಡಿಗೆ ಹೋಗಬೇಕು. ಅಲ್ಲಿನ ಸಿದ್ದಿಗಳ ಹಿರಿಯರಲ್ಲಿ ಬಹಳ ಮಂದಿ ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಬಂದವರು. ಕೊರೆದ ಮರಕ್ಕ ತೊಗಲು ಬಿಗಿದ ಆ ವಾದ್ಯ ಅವರ ಸ್ವಂತದ್ದು. ಅವರನ್ನ ಪರಿಶಿಷ್ಟ ಪಂಗಡಕ್ಕ ಸೇರಿಸೋದಕ್ಕ 2003 ಬರಬೇಕಾಯ್ತು.

ಆಮೇಲೆ ನಾನು ಹುಡುಕಿ ಹುಡುಕಿ ಕೇಳಿದೆ. ನನಗೆ ಹೆಚ್ಚು ಹಿಡಿಸಿದ್ದು ಜುಲುಕಾ. ಬಿಳಿಯ ಜಾನಿ ಕ್ಲೆಗ್, ಜೊಹಾನ್ಸ್‌ಬರ್ಗಿನಲ್ಲಿ ತೋಟದ ಆಳಾಗಿದ್ದ ಜುಲು ಯುವಕ ಸಿಫೋ ಮ್ಚುನು ಸೇರಿ ಕಟ್ಟಿದ್ದು. 1979ರಲ್ಲಿ ಮೊದಲ ಆಲ್ಬಮ್. ಕರಿಯ-ಬಿಳಿಯ ಒಂದೇ ವೇದಿಕೆ ಏರೋದೇ ಪೊಲೀಸರ ಕಣ್ಣಿಗೆ ಬೀಳೋ ಕಾಲ ಅದು. ಪಾಲ್ ಸೈಮನ್ನನ 1986ರ 'ಗ್ರೇಸ್‌ಲ್ಯಾಂಡ್' ಬಗ್ಗೆ ನನಗ ತಕರಾರು ಐತಿ. ವರ್ಣಭೇದದ ದೇಶಕ್ಕೆ ಕಲಾವಿದರು ಹೋಗಬಾರದು ಅಂತ ಬಹಿಷ್ಕಾರ ಇದ್ದಾಗ ಅವನು ಅಲ್ಲಿಗೇ ಹೋಗಿ ಧ್ವನಿಮುದ್ರಣ ಮಾಡಿದ. ಕೂಲಿ ಚಲೋ ಕೊಟ್ಟ, ಖರೆ. ದೇಶಭ್ರಷ್ಟರಾಗಿದ್ದ ಮಿರಿಯಂ ಮಕೇಬಾ, ಹ್ಯೂ ಮಸೆಕೇಲಾ ಅವನ ಜೋಡಿ ವೇದಿಕೆ ಏರಿದರು, ಅದೂ ಖರೆ. ಆದ್ರೂ ಆ ಆಲ್ಬಮ್ಮಿನ ಮುಖ ಯಾರದು ಅಂದ್ರ ಸೈಮನ್ನಂದೇ. ಹಾಡು ಮಾತ್ರ ಬಿಡಲಿಕ್ಕೆ ಆಗೋದಿಲ್ಲ ನೋಡ್ರಿ, ಈಗಲೂ ಕೇಳ್ತೀನಿ.

ಇನ್ನು ಅಪ್ಪನ ಹಲಗಿ. ಬಬಲೇಶ್ವರ ಸೀಮೆಯ ಒಂದು ಊರಾಗ ಅತ್ತಿ ಮನಿ. ಅಪ್ಪ ಅಲ್ಲಿಗೆ ಹೋದಾಗ ಊರ ದೊಡ್ಡವರೊಬ್ಬರು ತೀರಿಕೊಂಡರು. ಅಪ್ಪನಿಗೆ ಮೈಯಾಗ ಜ್ವರ. ಎಬ್ಬಿಸಿ ಕರಕೊಂಡು ಹೋದರು. ಸುಡುಗಾಡಿನ ತನಕ ಬಾರಿಸಿದ. ಕೊಟ್ಟದ್ದು ಒಂದು ಸೇರು ಜ್ವಾಳ, ಅದೂ ಮೇಲಿಂದ ಉಡಿಗೆ ಸುರುವಿದರು. ಊರಿಗೆ ಬಂದವನೇ ಹಲಗಿ ಅಟ್ಟಕ್ಕ ಏರಿಸಿದ. ಮೂವತ್ತು ವರ್ಷದ ಮ್ಯಾಲಾತು. ಹಲಗಿ ಬಿಟ್ಟವರನ್ನ ಹೇಡಿಗಳು, ಕಲೆ ಮರೆತವರು ಅನ್ನೋ ಜಾನಪದದ ಪಂಡಿತರಿಗೆ ಇದನ್ನ ಹೇಳಬೇಕನ್ನಿಸ್ತದ.

ಹುಡುಗಂದೂ ತಪ್ಪಲ್ಲ. ಅವ ಚೆನ್ನೈಯಾಗ ಶುರುವಾದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ನೋಡಿ ಬೆಳೆದಾವ: ಗಾನಾ ಹಾಡು, ಪರೈ, ಗಿಟಾರು, ಎದೆ ಸೆಟೆಸಿ ನಿಂತ ನಮ್ಮ ಹುಡುಗರು.

ಜಗಳದ ಮರುದಿನ ಅವ ಮುತ್ಯಾನ ಮಗ್ಗಲಕ್ಕ ಕುಂತು ಮೊಬೈಲಿನಾಗ ಒಸಿಬಿಸಾ ಹಚ್ಚಿದ. ಅಪ್ಪ ಗ್ವಾಡಿಗೆ ಆತು ಕೇಳಿದ, ಮುಗಿಯೋತನ.

'ಯಾರ ಮಂದಿ ಇವರು?'

'ಆಫ್ರಿಕಾದವರು ಮುತ್ಯಾ.'

'ಬಾರಸ್ರಿ ಅಂತ ಯಾರು ಹೇಳಿ ಕಳಿಸಿದ್ರು ಅವರಿಗೆ?'

'ಯಾರೂ ಇಲ್ಲ. ಮಂದಿನ ರೊಕ್ಕ ಕೊಟ್ಟು ಕೇಳಾಕ ಬರ್ತಿದ್ರು.'

ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮ್ಯಾಲ, 'ಆ ತೊಗಲು ಒಣಗಿರತೈತಿ. ಬೆಂಕಿಗೆ ಹಿಡಿದು ಕಾಸದ ಬಾರಿಸಿದ್ರ ಹರೀತೈತಿ' ಅಂದ.

ಹಲಗಿ ಇನ್ನೂ ಅಟ್ಟದ ಮ್ಯಾಲೇ ಐತಿ.